ಹಗೇವಿನ ಮಣ್ಣು

ಮಳೆ ಹಿಡಿದ ಮೇಲೆ ಹಗೇವಿನ ಬಾಯಿ ತೆಗೆಯುವ ರೂಢಿ ಹಳ್ಳಿಮೈಸೂರಿನ ಕಡೆ ಇಲ್ಲ. ಹಗೇವು ಎಂದರೆ ನೆಲದೊಳಗೆ ಗುಡಾಣದಂತೆ ತೋಡಿದ ರಾಗಿಯ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಮೈ ಹಿಂಡಿಕೊಂಡು ಇಳಿಯುವಷ್ಟು. ರಾಗಿ ತುಂಬಿ, ಮೇಲೆ ಹುಲ್ಲು ಹಾಸಿ, ಚಪ್ಪಡಿ ಎಳೆದು, ಸಂದಿಗೆಲ್ಲ ಮಣ್ಣು ಮೆತ್ತಿಬಿಟ್ಟರೆ ಒಳಗಿನ ಕಾಳು ವರ್ಷಗಟ್ಟಲೆ ಬೂಷ್ಟು ಹಿಡಿಯದೆ ಇರುತ್ತದೆ. ಆದರೆ ಒಂದು ಹನಿ ನೀರೂ ಇಳಿಯಬಾರದು. ಆದ್ದರಿಂದ ಆಷಾಢದ ಆ ಬೆಳಿಗ್ಗೆ ಶಾಂತಿ ಅತ್ತಿಗೆ ಫೋನಿನಲ್ಲಿ ಹೇಳಿದ ಮಾತು ಭವ್ಯಶ್ರೀಗೆ ಮೊದಲು ಅರ್ಥವೇ ಆಗಲಿಲ್ಲ.

"ನಿಮ್ ದೊಡ್ಡವ್ವ ಜಗಲಿ ಮ್ಯಾಲೆ ಮಲ್ಗವ್ರೆ ಕಣವ್ವ. ಆಮ್ಯಾಕೆ ಮಾಡ್ಲಾ? ಮಂಚಯ್ಯ ಅಗೇವ್ಗೆ ಇಳ್ದವ್ನೆ, ನಾನಿಲ್ಲಿ ಅಗ್ಗ ಇಡ್ಕಂಡು ನಿಂತಿವ್ನಿ."

"ಹಗೇವಿಗಾ? ಈ ಮಳೇಲಾ? ಅದ್ರಲ್ಲಿ ರಾಗಿ ಎಲ್ಲಿದೆ ಅತ್ತಿಗೆ?"

"ರಾಗಿಗಲ್ಲ, ಮಣ್ಣಿಗೆ. ಆ ಮಣ್ಣು ಕ್ಯಾನ್ಸರ್ ಸಾಯಿಸ್ತದೆ ಅಂತ ನೀನೇ ಏಳಿದ್ಯಂತಲ್ಲ. ದಿನಾ ಬೆಳಗ್ಗೆ ಬಟ್ಟೇಲಿ ಸೋಸಿ ಮಜ್ಜಿಗೇಗೆ ಕಲಸ್ಕಂಡು ಕುಡೀತಾವ್ರೆ."

ಭವ್ಯಶ್ರೀ ಹಾಸನದ ಲ್ಯಾಬಿನ ಕಿಟಕಿಯ ಹತ್ತಿರ ನಿಂತಿದ್ದಳು. ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಹಾಕುವುದು, ತೆಗೆಯುವುದು ಮಾಡುತ್ತಿದ್ದವಳು ಅದನ್ನು ನಿಲ್ಲಿಸಿದಳು.

"ಯಾವತ್ತಿಂದ?"

"ಎಲ್ಡನೇ ಇಂಜೆಕ್ಸನ್ ಆಯ್ತಲ್ಲ, ಆವತ್ತಿಂದ. ಇನ್ಮ್ಯಾಕೆ ಆಸ್ಪತ್ರೆ ಕಡೆ ತಲೇನೂ ಆಕಾಕಿಲ್ಲ ಅಂದ್ಬುಟ್ಟವ್ರೆ. ನೆನ್ನೆಯಿಂದ ಮೈ ಸುಡ್ತಾ ಐತೆ. ಕೇಳುದ್ರೆ, ಮಣ್ಣು ಒಳಗೆ ಕೆಲ್ಸ ಮಾಡ್ತಾ ಐತೆ, ಕೆಟ್ಟದ್ದು ಬೇಯ್ತಾ ಐತೆ ಅಂತಾರೆ. ಏ ಮಂಚಯ್ಯ, ತಡಿಯೋ, ಎಳೀತೀನಿ..." ಫೋನು ಕಟ್ಟಾಯಿತು.

ಅವಳು ಇನ್ನೊಂದು ಸಲ ಮಾಡಿದಳು. ಯಾರೂ ಎತ್ತಲಿಲ್ಲ.

ದೊಡ್ಡವ್ವ ಎಂದರೆ ಅವಳ ತಾಯಿಯ ಅಕ್ಕ ಪುಟ್ಟತಾಯಮ್ಮ. ಭವ್ಯಶ್ರೀಯ ಅಪ್ಪ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದವರು; ಶಾಲೆಗೆ ರಜೆ ಬಂದರೆ ಮಗಳನ್ನು ಬಸ್ಸು ಹತ್ತಿಸಿ ಹಳ್ಳಿಮೈಸೂರಿಗೆ ಕಳಿಸಿಬಿಡುತ್ತಿದ್ದರು. ಅವಳು ಹಗೇವನ್ನು ಮೊದಲು ಕಂಡದ್ದು ಆ ರಜೆಗಳಲ್ಲೇ. ಹಾಸನದಲ್ಲಿ ಸಂಶೋಧನೆಗೆ ಸೇರಿದ ಮೇಲೆ ಅವಳ ಕೆಲಸ ಶುಂಠಿ ಕೊಳೆಸುವ ಬೂಷ್ಟನ್ನು ತಡೆಯುವಂಥ ಬ್ಯಾಕ್ಟೀರಿಯಾವನ್ನು ಮಣ್ಣಿನಲ್ಲಿ ಹುಡುಕುವುದು. ಅರಕಲಗೂಡಿನ ಶುಂಠಿ ಹೊಲಗಳು, ಕೊಣನೂರಿನ ಹೊಳೆದಂಡೆ, ಅಪ್ಪನ ತೆಂಗಿನ ತೋಟ, ಎಲ್ಲ ಕಡೆಯ ಮಣ್ಣನ್ನೂ ತಂದು ನೋಡಿದ್ದಳು. ಯಾವುದೂ ಹೇಳಿಕೊಳ್ಳುವ ಹಾಗಿರಲಿಲ್ಲ. ಕಳೆದ ಬೇಸಿಗೆಯಲ್ಲಿ ದೊಡ್ಡವ್ವನ ಹಗೇವಿನಿಂದ ಕೊನೆಯ ರಾಗಿ ತೆಗೆಯುವಾಗ ಮಂಚಯ್ಯನ ಕೈಲಿ ಒಳಗಿನ ಗೋಡೆಯ ಮಣ್ಣನ್ನು ಒಂದು ಹಿಡಿ ಕೆರೆಸಿಕೊಂಡಿದ್ದಳು. ಇಷ್ಟು ವರ್ಷ ಕಾಳು ಕೆಡದೆ ಉಳಿದದ್ದಕ್ಕೆ ಗಾಳಿಯಾಡದಿದ್ದುದೇ ಕಾರಣ ಎಂದು ಅವಳಿಗೆ ಗೊತ್ತಿತ್ತು. ಆದರೂ ಇರಲಿ ಎಂದು.

ಆ ಮಣ್ಣಿನಿಂದ ಗಾಜಿನ ತಟ್ಟೆಯಲ್ಲಿ ಬೂದಿ ಚೆಲ್ಲಿದಂಥ ಬಿಳಿ ಚುಕ್ಕೆಗಳು ಎದ್ದವು. ಮುಚ್ಚಳ ತೆಗೆದರೆ ಮೊದಲ ಮಳೆ ಬಿದ್ದ ನೆಲದ ವಾಸನೆ. ಪಕ್ಕದಲ್ಲಿ ಬಿತ್ತಿದ ಬೂಷ್ಟು ಅರಳೆಯ ಹಾಗೆ ತಟ್ಟೆಯನ್ನೆಲ್ಲ ಆವರಿಸಿದರೂ ಒಂದು ಬಿಳಿ ಚುಕ್ಕೆಯ ಸುತ್ತ ಮಾತ್ರ ಸುಳಿಯದೆ ದುಂಡಗೆ ಜಾಗ ಬಿಟ್ಟು ನಿಂತಿತ್ತು. ಆ ಜೀವಿ ಬಿಡುವ ರಸವನ್ನು ಬೇರ್ಪಡಿಸಿ, ಬೇರೆ ಏನನ್ನು ಕೊಲ್ಲುತ್ತದೋ ನೋಡೋಣ ಎಂದು ಕ್ಯಾನ್ಸರ್ ಜೀವಕೋಶಗಳ ಮೇಲೆ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು. ಜೀವಕೋಶಗಳು ಸತ್ತವು ಎಂದು ವರದಿ ಬಂತು.

ಅಷ್ಟರಲ್ಲಿ ದೊಡ್ಡವ್ವನ ಎದೆಯಲ್ಲಿ ಗಂಟು ಕಾಣಿಸಿ, ಹಾಸನದ ಆಸ್ಪತ್ರೆಯಲ್ಲಿ ಕೆಂಪು ಔಷಧಿಯ ಇಂಜೆಕ್ಷನ್ ಶುರುವಾಗಿ, ತಲೆಗೂದಲು ಉದುರಿತ್ತು. ವರದಿ ಬಂದ ದಿನ ಭವ್ಯಶ್ರೀ ಮಾಡಿದ ಮೊದಲ ಫೋನು ಅವಳಿಗೇ. "ದೊಡ್ಡವ್ವಾ, ನಿಮ್ಮನೆ ಹಗೇವಿನ ಮಣ್ಣು ಕ್ಯಾನ್ಸರ್ ಸಾಯಿಸ್ಬಿಡ್ತು!" ಎಂದು ಕೂಗಿದ್ದಳು. "ನಮ್ ಅಗೇವಾ?" ಎಂದು ಕೇಳಿದ್ದಳು ದೊಡ್ಡವ್ವ. "ಹೂಂ, ನಿಮ್ದೇ." ಅಷ್ಟೇ. ಸತ್ತದ್ದು ಗಾಜಿನ ತಟ್ಟೆಯೊಳಗೆ, ಅಂಥ ತಟ್ಟೆಯಲ್ಲಿ ಫಿನಾಯಿಲ್ ಸುರಿದರೂ ಸಾಯುತ್ತವೆ ಎಂಬುದನ್ನು ಹೇಳಿರಲಿಲ್ಲ. ದೊಡ್ಡವ್ವ ಎಷ್ಟೋ ದಿನಗಳ ಮೇಲೆ ನಕ್ಕಿದ್ದಳು. ಆ ನಗುವಿಗೆ ಬೇರೆ ಮಾತು ಸೇರಿಸಲು ಮನಸ್ಸಾಗಿರಲಿಲ್ಲ.

ಈವತ್ತು ಬೆಳಿಗ್ಗೆ ಎರಡನೆಯ ವರದಿ ಬಂದಿತ್ತು. ಹಗೇವಿನ ರಸ ಒಳ್ಳೆಯ ಜೀವಕೋಶಗಳನ್ನೂ ಹೆಚ್ಚುಕಮ್ಮಿ ಅಷ್ಟೇ ಚೆನ್ನಾಗಿ ಕೊಂದಿತ್ತು. ಮನಸ್ಸು ಕೆಟ್ಟು, ಸುಮ್ಮನೆ ದೊಡ್ಡವ್ವನ ದನಿ ಕೇಳೋಣ ಎಂದೇ ಅವಳು ಫೋನು ಮಾಡಿದ್ದು.

ಗೈಡ್ ಪ್ರೇಮಕುಮಾರಿ ಮೇಡಂಗೆ ಓಡಿಹೋಗಿ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮಣ್ಣಲ್ಲಿ ನಿನ್ನದೊಂದೇ ಬ್ಯಾಕ್ಟೀರಿಯಾ ಇದೆ ಅಂದ್ಕೊಂಡಿದಾರಾ ಅವರು? ಆ ಇಂಜೆಕ್ಷನ್ ಆದಮೇಲೆ ಬಿಳಿ ರಕ್ತಕಣ ಇಳಿದುಹೋಗಿರುತ್ತೆ. ಈಗ ಜ್ವರ ಬಂದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ. ಇನ್ನೂ ಇಲ್ಲೇ ನಿಂತಿದೀಯಲ್ಲ?"

ಹಾಸನದ ಬಸ್ ನಿಲ್ದಾಣದಲ್ಲಿ ಹೊಳೆನರಸೀಪುರದ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ಅವಳು ಹತ್ತಿ ಕುಳಿತಳು, ಇಳಿದಳು, ಮತ್ತೆ ಹತ್ತಿ ಬೇರೆ ಸೀಟಿನಲ್ಲಿ ಕುಳಿತಳು. ಪಕ್ಕದ ಹೆಂಗಸು, "ಓಯ್ತದೆ ಕಣವ್ವ, ಬಸ್ಸು ನಿನ್ ಬುಟ್ಟು ಎಲ್ಗೂ ಓಗಲ್ಲ" ಎಂದಳು. ಅನಿಲ್‌ಕುಮಾರ್‌ಗೆ ಫೋನು ತಾಗುತ್ತಿರಲಿಲ್ಲ. ದೊಡ್ಡವ್ವನ ಮಗ, ಶಾಂತಿಯ ಗಂಡ ಅವನು. ಗೂಡ್ಸ್ ಗಾಡಿ ಇಟ್ಟುಕೊಂಡು ಸಂತೆಯಿಂದ ಸಂತೆಗೆ ತೆಂಗಿನಕಾಯಿ ಸಾಗಿಸುತ್ತಿದ್ದ. ಬಸ್ಸು ಊರು ದಾಟುವಾಗ ಅವನೇ ಮಾಡಿದ. ಹಿಂದೆ ಯಾರೋ ಸೊಪ್ಪಿನ ಬೆಲೆ ಕೂಗುತ್ತಿದ್ದರು.

"ಕೊಣನೂರು ಸಂತೇಲಿವ್ನಿ ಕಣೆ, ಕಾಯಿ ಇಳಿಸ್ತಾವ್ನಿ. ಏನು?"

"ಅಣ್ಣಾ, ದೊಡ್ಡವ್ವಂಗೆ ಜ್ವರ ಅಂತೆ. ಈಗ್ಲೇ ಆಸ್ಪತ್ರೆಗೆ ಸೇರಿಸ್ಬೇಕು."

"ಮಾತ್ರೆ ಕೊಟ್ಟಿವ್ನಿ."

"ಮಾತ್ರೆ ಸಾಲಲ್ಲ. ಆ ಮಣ್ಣು ಕುಡೀಬಾರ್ದು ಅಂತ ನಿಂಗಾದ್ರೂ ಗೊತ್ತಾಗ್ಬೇಡ್ವಾ?"

"ನನ್ನ ಕೇಳ್ತೀಯಲ್ಲ?" ಅನಿಲ ದನಿ ಏರಿಸಿದ. "ಓದ್ದೋಳು ನೀನು. ನೀ ಏಳಿದ್ದ ಅವ್ವ ದೇವ್ರು ಏಳ್ದಂಗೆ ನಂಬ್ಕಂಡದೆ. ನಾ ಬ್ಯಾಡ ಅಂದ್ರೆ, ನೀ ಎಷ್ಟನೇ ಕ್ಲಾಸ್ ಓದಿರದು ಅಂತದೆ. ಏನ್ ಮಾಡ್ಲಿ, ಚೊಂಬು ಕಿತ್ಕಳ್ಳಾ?"

ಆಮೇಲೆ ಅವನೇ ದನಿ ಇಳಿಸಿ, "ಉಳಿದ ಕಾಯಿ ಯಾರ್ಗಾರ ಒಪ್ಪಿಸಿ ಗಾಡಿ ತಿರುಗಿಸ್ತೀನಿ. ನೀ ಎಬ್ಬಿಸ್ಕಂಡು ರೆಡಿ ಮಾಡಿರು. ಎಬ್ಬಿಸಾಕೆ ಆದ್ರೆ" ಎಂದ.

ಹೊಳೆನರಸೀಪುರದಲ್ಲಿ ಬಸ್ಸು ಬದಲಿಸಿ ಹಳ್ಳಿಮೈಸೂರು ತಲುಪುವಷ್ಟರಲ್ಲಿ ಸೋನೆ ಹಿಡಿದಿತ್ತು. ರಸ್ತೆಯಿಂದ ಮನೆವರೆಗೆ ಅವಳು ಅರ್ಧ ನಡೆದು ಅರ್ಧ ಓಡಿದಳು. ಮನೆಯ ಮುಂದಿನ ಹಗೇವಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ನಾಲ್ಕು ಮೂಲೆಗೆ ಕಲ್ಲಿಟ್ಟಿದ್ದರು. ಜಗಲಿಯ ಕಂಬಕ್ಕೆ ಒರಗಿ ಮಂಚಯ್ಯ ಬೀಡಿ ಸೇದುತ್ತಿದ್ದ; ವಯಸ್ಸಾದ ನೆರೆಮನೆಯವನು, ಆ ಬೀದಿಯಲ್ಲಿ ಹಗೇವಿಗೆ ಇಳಿಯಲು ಈಗ ಉಳಿದಿರುವವನು ಅವನೊಬ್ಬನೇ. ಅವನ ಪಕ್ಕದಲ್ಲಿ ಹಗ್ಗದ ಸುರುಳಿ, ಒಂದು ಲಾಟೀನು. ಪುಟ್ಟತಾಯಮ್ಮ ಕಂಬಳಿ ಹೊದ್ದು, ತಲೆಗೆ ಟವೆಲು ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಕೈಗೆಟುಕುವಲ್ಲಿ ಚೊಂಬು. ಮಜ್ಜಿಗೆ ಕೆಂಪಗೆ ಕದಡಿತ್ತು.

"ಬಂದ್ಯಾ? ಮಖ ನೋಡುದ್ರೆ ಅಳ್ಕಂಡ್ ಬಂದಂಗದೆ. ನಾನಿನ್ನೂ ಸತ್ತಿಲ್ಲ ಕಣೆ, ಕುಂತ್ಕೊ."

ಭವ್ಯಶ್ರೀ ಹಣೆ ಮುಟ್ಟಿದಳು. ಒಲೆಯ ಮೇಲಿನ ಹೆಂಚು ಮುಟ್ಟಿದಂತಾಯಿತು. ದೊಡ್ಡವ್ವನ ತುಟಿಯ ಒಳಗೆಲ್ಲ ಹುಣ್ಣು.

"ಏಳು ದೊಡ್ಡವ್ವ. ಅಣ್ಣ ಗಾಡಿ ತರ್ತಿದಾನೆ, ಆಸ್ಪತ್ರೆಗೆ ಹೋಗಾಣ. ಇದನ್ನ ಕುಡೀಬಾರ್ದು."

"ಯಾಕೆ? ನಾ ಕುಡುದ್ರೆ ನಿಮ್ಮ ಲ್ಯಾಬಿಗೆ ಮಣ್ಣು ಕಮ್ಮಿ ಬಿದ್ದದಾ?"

ಮಂಚಯ್ಯ ಹೊಗೆ ಬಿಡುತ್ತಾ ನಕ್ಕ. ಭವ್ಯಶ್ರೀ ಚೊಂಬನ್ನು ಎತ್ತಿಕೊಂಡು ದೂರ ಇಟ್ಟಳು. ಶಾಂತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನನ್ ಮಾತಿಗೆ ಉತ್ರ ಕೊಡು," ಎಂದಳು ಪುಟ್ಟತಾಯಮ್ಮ. ಜ್ವರದಲ್ಲೂ ಅವಳ ಮಾತು ತಪ್ಪಿರಲಿಲ್ಲ. "ಅದೇ ಗುಂಡೀಲಿ ಎಷ್ಟೊರ್ಸ ರಾಗಿ ಇತ್ತು? ಒಂದ್ ಕಾಳು ಕೊಳೆತಿತ್ತಾ? ನೀನೇ ಮುದ್ದೆ ತಿಂದಿದೀಯ. ಕಾಳ ಕೊಳೀದಂಗೆ ಕಾಯ್ದ ಮಣ್ಣು ನನ್ ಮೈಯ ಕಾಯಾಕಿಲ್ವಾ?"

ಬೇಸಿಗೆಯಲ್ಲಿ ಭವ್ಯಶ್ರೀಯನ್ನು ಚೀಲ ಹಿಡಿಸಿ ಹಗೇವಿನ ಬಾಯಿಗೆ ಕರೆತಂದದ್ದೂ ಇದೇ ಯೋಚನೆ.

"ಅದು ಒಳ್ಳೆ ಜೀವಕೋಶಾನೂ ಸಾಯಿಸ್ತದಂತೆ. ಇವತ್ತು ಬೆಳಗ್ಗೆ ಗೊತ್ತಾಯ್ತು."

"ಆ ಕೆಂಪು ಅವ್ಸದಿ ಏನ್ ಮಾಡ್ತು ಮತ್ತೆ?" ದೊಡ್ಡವ್ವ ಟವೆಲು ಎಳೆದಳು. ತಲೆ ಹೊಸದಾಗಿ ಸಾರಿಸಿದ ನೆಲದಂತೆ ನುಣುಪಾಗಿತ್ತು. "ಒಳ್ಳೇದು ಕೆಟ್ಟದ್ದು ಎಲ್ಲಾನೂ ಒಟ್ಗೇ ಬೋಳಿಸ್ತು. ನೀರು ಕುಡುದ್ರೂ ವಾಂತಿ. ನಮ್ಮನೆ ಮಣ್ಣೇ ವಾಸಿ, ಕೂದ್ಲಿಗಾರ ಕೈ ಆಕಾಕಿಲ್ಲ."

"ದೊಡ್ಡವ್ವ, ದಮ್ಮಯ್ಯ ಅಂತೀನಿ..."

"ನಂಗೆ ದಮ್ಮಯ್ಯ ಅನ್ನಬ್ಯಾಡ. ಸಾಯಿಸ್ಬುಡ್ತು ಅಂತ ಫೋನಲ್ಲಿ ಕೂಗ್ದೋಳು ನೀನು. ಆವತ್ತು ನಿಜಾನಾ ಇವತ್ತು ನಿಜಾನಾ?"

ಭವ್ಯಶ್ರೀ ಎದ್ದು ಅಂಗಳಕ್ಕೆ ಇಳಿದಳು, ರಸ್ತೆಯ ಕಡೆ ನೋಡಿದಳು, ಮತ್ತೆ ಹತ್ತಿದಳು. ಗಾಡಿಯ ಸದ್ದಿಲ್ಲ. ಎತ್ತಿ ಹಾಕಿಕೊಂಡು ಹೋಗೋಣವೆಂದರೆ ಈ ಹೆಂಗಸು ಆಸ್ಪತ್ರೆಯ ಮಂಚದಿಂದಲೂ ಇಳಿದು ಬಂದಾಳು. ಹಾಗೆ ತಿರುಗುವಾಗ ಲಾಟೀನು ಕಾಲಿಗೆ ತಾಗಿ ಉರುಳಿತು. ಎತ್ತಿ ನಿಲ್ಲಿಸಿದಳು. ಬುಡಕ್ಕೆ ಹಗೇವಿನ ಕೆಂಪು ಮಣ್ಣು ಮೆತ್ತಿತ್ತು.

"ಮಂಚಯ್ಯಣ್ಣ, ಬೆಳಗ್ಗೆ ಹಗೇವಿಗೆ ಇಳಿಯೋಕೆ ಮುಂಚೆ ಏನ್ ಮಾಡಿದ್ರಿ?"

"ಏನ್ ಮಾಡದು? ಲಾಟೀನು ಬುಟ್ಟೆ. ತಳ ಮುಟ್ಟಗಂಟ ಉರೀತಿತ್ತು. ಇಳ್ದೆ."

"ಆರಿದ್ದಿದ್ರೆ?"

"ಆರುದ್ರೆ ಯಾವನವ್ವ ಇಳೀತಾನೆ?" ಎಂದವನು ಬೀಡಿಯನ್ನು ನೆಲಕ್ಕೆ ಒತ್ತಿ, ಪುಟ್ಟತಾಯಮ್ಮನ ಕಡೆ ಒಮ್ಮೆ ನೋಡಿದ.

ಆ ನೋಟದ ಅರ್ಥ ಜಗಲಿಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಪುಟ್ಟತಾಯಮ್ಮ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳ ಮೈದುನ, ನೆಂಟರು ಬಂದಿದ್ದಾರೆ ಬೇಗ ರಾಗಿ ಬೇಕು ಎಂದು, ಚಪ್ಪಡಿ ಸರಿಸಿದವನೇ ದೀಪ ಬಿಡದೆ ಇಳಿದಿದ್ದ. ಮುಚ್ಚಿದ ಹಗೇವಿನ ಕೆಟ್ಟ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಆಗ ಹರೆಯದವನಾಗಿದ್ದ ಮಂಚಯ್ಯ ಮೂಗಿಗೆ ಒದ್ದೆ ಬಟ್ಟೆ ಕಟ್ಟಿ, ಕೊಕ್ಕೆ ಹಾಕಿ ಹೆಣ ಎಳೆದಿದ್ದ.

ಭವ್ಯಶ್ರೀ ಲಾಟೀನನ್ನು ದೊಡ್ಡವ್ವನ ಮುಂದಿಟ್ಟು ಕುಕ್ಕರಿಸಿ ಕುಳಿತಳು.

"ಆವತ್ತು ಹೇಳಿದ್ದೂ ನಿಜ, ಇವತ್ತು ಹೇಳ್ತಿರೋದೂ ನಿಜ. ನಾನು ಲ್ಯಾಬಲ್ಲಿ ಮಾಡೋದು ಇಷ್ಟೇ ದೊಡ್ಡವ್ವ, ದೀಪ ಇಳಿಸಿ ನೋಡೋದು. ಮೊದ್ಲು ಗಾಜಿನ ತಟ್ಟೇಲಿ, ಆಮೇಲೆ ಇಲಿಗೆ. ಮನುಷ್ಯರನ್ನ ಇಳಿಸೋದು ಎಷ್ಟೋ ವರ್ಷ ಆದ್ಮೇಲೆ. ಮೊದಲ ದೀಪ ಉರೀತು. ಖುಷಿ ತಡೀಲಾರ್ದೆ ನಿಂಗೆ ಕೂಗಿ ಹೇಳ್ದೆ. ಎರಡನೇದು ಇವತ್ತು ಇಳಿಸಿದ್ರು." ಅವಳು ಲಾಟೀನಿನ ಗಾಜಿಗೆ ಬೆರಳು ಮುಟ್ಟಿಸಿದಳು. "ಆರೋಯ್ತು. ನೀನಾಗ್ಲೇ ಕೆಳಗಿಳಿದು ಕುಂತಿದೀಯ."

ಸೂರಿನ ನೀರು ತೊಟ್ಟಿಕ್ಕುತ್ತಿತ್ತು. ಶಾಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟತಾಯಮ್ಮ ಲಾಟೀನಿನ ಮಸಿ ಹಿಡಿದ ಗಾಜನ್ನೇ ನೋಡುತ್ತಿದ್ದಳು.

"ಆ ಕೆಂಪು ಅವ್ಸದಿಗೆ ಯಾರ್ ಬುಟ್ರು ದೀಪ?" ಎಂದಳು ಕೊನೆಗೆ. ದನಿ ಮೆತ್ತಗಾಗಿತ್ತು.

"ಬಾಳ ಜನ, ಬಾಳ ವರ್ಷ. ಅದೂ ಮಣ್ಣಿಂದ ಬಂದದ್ದೇ."

"ಏನಂದೆ?"

"ಹೂಂ. ಇಟಲಿ ಅಂತ ದೇಶ. ಅಲ್ಲಿ ಒಂದು ಹಳೇ ಕೋಟೆ ಹತ್ರದ ಮಣ್ಣಲ್ಲಿ, ನಮ್ಮ ಹಗೇವಿನದರ ದಾಯಾದಿ ಅನ್ನು, ಅಂಥದ್ದೇ ಒಂದು ಜೀವಿ ಸಿಕ್ತು. ಅದು ಕೆಂಪು ಬಣ್ಣ ಬಿಡ್ತಿತ್ತು. ನಿನ್ನ ಬಾಟ್ಲಿ ಕೆಂಪು ಆ ವಂಶದ್ದೇ."

"ಸುಳ್ಳೇಳ್ತಾವ್ಳೆ ಕಣೋ ಮಂಚಯ್ಯ, ನನ್ನ ಎಬ್ಬಿಸ್ಕಂಡು ಓಗಾಕೆ."

"ನಿನ್ನಾಣೆ ದೊಡ್ಡವ್ವ."

"ನನ್ನಾಣೆ ಆಕ್ಬ್ಯಾಡ, ಮೊದ್ಲೇ ನಾನು..." ಎನ್ನುವಷ್ಟರಲ್ಲಿ ಅವಳಿಗೆ ನಡುಕ ಹತ್ತಿತು. ಕಂಬಳಿಯ ಸಮೇತ ಇಡೀ ಮೈ ಅಲುಗಿ ಹಲ್ಲು ಕಟಕಟ ಎಂದವು. ಮಂಚಯ್ಯ ಎದ್ದು ನಿಂತ. ಭವ್ಯಶ್ರೀ ಅವಳನ್ನು ತಬ್ಬಿ ಹಿಡಿದಳು. ಬೀದಿಯ ತಿರುವಿನಲ್ಲಿ ಅನಿಲನ ಗಾಡಿ ಕೆಸರು ಹಾರಿಸುತ್ತಾ ಬರುವುದು ಕಾಣಿಸಿತು.

ನಡುಕ ಸ್ವಲ್ಪ ತಗ್ಗಿದಾಗ ಪುಟ್ಟತಾಯಮ್ಮ ಕಣ್ಣು ತೆರೆದಳು. "ಶಾಂತಿ, ಆ ಚೊಂಬು ಚೆಲ್ಲಿ ತೊಳ್ದಿಡೆ. ಮಂಚಯ್ಯ, ಚಪ್ಡಿ ಎಳ್ದು ಮಣ್ ಮೆತ್ತು. ನೀರು ಇಳ್ದಾತು." ಆಮೇಲೆ ಎರಡು ಕೈಯನ್ನೂ ಮುಂದೆ ಚಾಚಿದಳು, ಎಬ್ಬಿಸಿ ಎಂಬಂತೆ.

ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕುಳಿತರು. ಒಳಗೆಲ್ಲ ತೆಂಗಿನ ಸಿಪ್ಪೆಯ ವಾಸನೆ. ಹೊಳೆನರಸೀಪುರದ ರೈಲ್ವೆ ಗೇಟು ಬಿದ್ದಿತ್ತು. ಅನಿಲ ಹಾರನ್ ಒತ್ತಿದ, ಇಳಿದು ಹಳಿಯ ಕಡೆ ನೋಡಿದ, ಬಂದು ಮತ್ತೆ ಒತ್ತಿದ.

"ಆರನ್ ಒಡುದ್ರೆ ರೈಲು ಬ್ಯಾಗ ಬತ್ತದಾ ಲೇ?" ಎಂದಳು ಅವನ ತಾಯಿ ಕಣ್ಣು ಮುಚ್ಚಿಕೊಂಡೇ.

ರೈಲು ಬಂತು, ಹೋಯಿತು. ಗೇಟು ಏಳಲು ತೆಗೆದುಕೊಂಡ ಹೊತ್ತಿನಲ್ಲಿ ಭವ್ಯಶ್ರೀ ತನ್ನ ಉಗುರನ್ನೆಲ್ಲ ಕಚ್ಚಿ ಮುಗಿಸಿದಳು.

ಆಸ್ಪತ್ರೆಯಲ್ಲಿ ರಕ್ತ ತೆಗೆದು, ಡ್ರಿಪ್ ಹಾಕಿ, ಬೇರೆ ಕೋಣೆಗೆ ಸೇರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರು, "ಹೊರಗಡೆದು ಏನಾದ್ರೂ ತಿಂದ್ರಾ ಅಮ್ಮ?" ಎಂದು ಕೇಳಿದರೆ ಪುಟ್ಟತಾಯಮ್ಮ, "ಮಜ್ಗೆ ಸಾ, ಮನೇದೇ" ಎಂದಳು.

"ಮಣ್ಣು ಸಾರ್," ಎಂದಳು ಭವ್ಯಶ್ರೀ. "ಹಗೇವಿನ ಮಣ್ಣು, ದಿನಾ. ನನ್ನ ಮಾತು ನಂಬ್ಕೊಂಡು." ಡಾಕ್ಟರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಮೇಲೆ ಇನ್ನೊಂದು ಔಷಧಿ ಸೇರಿಸಿ ಬರೆದರು.

ಜ್ವರ ಬೇಗ ಇಳಿಯಲಿಲ್ಲ. ಅವಳು ಲ್ಯಾಬಿಗೂ ಆಸ್ಪತ್ರೆಗೂ ಓಡಾಡಿದಳು. ಲ್ಯಾಬಿನಲ್ಲಿ ಇದ್ದಾಗ ಆಸ್ಪತ್ರೆಯಲ್ಲಿ ಇರಬೇಕಿತ್ತು ಅನ್ನಿಸುತ್ತಿತ್ತು. ಆಸ್ಪತ್ರೆಯಲ್ಲಿ ಕುಳಿತರೆ ಕಾಲು ತಾನಾಗಿ ಅಲುಗುತ್ತಿತ್ತು, ಶಾಂತಿ ಮೊಣಕಾಲಿನ ಮೇಲೆ ಕೈಯಿಟ್ಟು ನಿಲ್ಲಿಸುತ್ತಿದ್ದಳು. ಒಂದು ದಿನ ಬಿಳಿ ಚುಕ್ಕೆಯ ತಟ್ಟೆಯ ಮುಚ್ಚಳ ತೆಗೆದಳು. ಮೊದಲ ಮಳೆಯ ವಾಸನೆ ಬಂತು. ತಕ್ಷಣ ಮುಚ್ಚಿಬಿಟ್ಟಳು. ಮೇಡಂ ಪಕ್ಕದಲ್ಲಿ ನಿಂತು, "ಆ ರಸದಲ್ಲಿ ಎಷ್ಟೋ ಅಂಶ ಇರುತ್ತೆ, ಒಂದೊಂದಾಗಿ ಬಿಡಿಸಿ ನೋಡ್ಬೇಕು, ಯಾವುದು ಯಾವುದನ್ನ ಕೊಲ್ಲುತ್ತೆ ಅಂತ. ನಾಳೆಯಿಂದ ಶುರು ಮಾಡು" ಎಂದರು. ಅವಳು ತಲೆಯಾಡಿಸಿದಳು. ನಾಳೆ ಎಂಬುದು ಬಹಳ ದೂರದಲ್ಲಿತ್ತು.

ಆಮೇಲೆ ಒಂದು ಬೆಳಿಗ್ಗೆ ದೊಡ್ಡವ್ವ ಬೆವತು, ಕಾಫಿ ಕೇಳಿದಳು.

ಮೂರನೆಯ ಇಂಜೆಕ್ಷನ್ ತಡವಾಗಿ ಆಯಿತು. ಆ ದಿನ ಭವ್ಯಶ್ರೀಯೇ ಪಕ್ಕದಲ್ಲಿ ಕುಳಿತಿದ್ದಳು. ನರ್ಸು ಕೆಂಪು ಔಷಧಿ ತಂದಾಗ ಪುಟ್ಟತಾಯಮ್ಮ, "ವಸಿ ಇಲ್ಲಿ ಕೊಡು ತಾಯಿ" ಎಂದು ಕೈ ಚಾಚಿದಳು. ನರ್ಸು ಕೊಡಲಿಲ್ಲ. ಅವಳು ಕುತ್ತಿಗೆ ಮುಂದೆ ಮಾಡಿ ಮೂಸಿದಳು.

"ಮಣ್ಣಿನ ವಾಸ್ನೇನೇ ಇಲ್ವಲ್ಲೇ."

ಆಗಲೇ ಭವ್ಯಶ್ರೀಯ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಈಚೆಗೆ ಮಣ್ಣು ಕೇಳಿ ಅಂಥವು ಬರುತ್ತಲೇ ಇದ್ದವು. ಮಂಚಯ್ಯ ಯಾವ ನೆಂಟರಿಗೆ ಏನು ಹೇಳಿದ್ದನೋ. ಕಟ್ ಮಾಡಲು ಹೋದವಳ ಕೈಯಿಂದ ಪುಟ್ಟತಾಯಮ್ಮ ಸೂಜಿಯಿಲ್ಲದ ಕೈಯಲ್ಲಿ ಅದನ್ನು ಕಿತ್ತುಕೊಂಡಳು.

"ಅಲೋ, ಯಾರು? ಅರಕಲಗೂಡಾ? ಮಣ್ಣಿಲ್ಲ ಕಣಪ್ಪ. ಅಗೇವು ಮುಚ್ಚಿಸ್ಬುಟ್ಟಿವ್ನಿ. ಯಾರ್ಗೆ, ನಿಮ್ಮವ್ವಂಗಾ? ಏ, ಕೇಳಿಲ್ಲಿ. ನಾನೂ ಕುಡುದ್ನಲ್ಲ, ಎಂಟು ದಿಕ್ಕೂ ಕಂಡ್ಬುಟ್ಟೆ. ದೀ‍ಪ ಬುಡದೆ ಇಳೀಬ್ಯಾಡಿ. ಸುಮ್ಕೆ ಆಸ್ಪತ್ರೆಗೆ ಕರ್ಕಂಬಾ. ಇಲ್ಲೂ ಕೊಡದು ಮಣ್ಣೇ ಅಂತೆ, ಬಾಟ್ಲೀಲಿ ಆಕಿ ಕೊಡ್ತಾರೆ ಅಷ್ಟೇಯ."

ಭವ್ಯಶ್ರೀ ಅವಸರದಿಂದ ಫೋನನ್ನು ವಾಪಸು ತೆಗೆದುಕೊಂಡಳು. ಆ ಕಡೆಯ ಗಂಡಸಿನ ದನಿಯಲ್ಲಿ ಆಸೆ ಉಕ್ಕಿಬಂದಿತ್ತು.

"ಮೇಡಂ, ಅಂಗಾರೆ ಆ ಬಾಟ್ಲಿ ಮಣ್ಣು ಯಾವೂರ್ದು ಏಳಿ ಮೇಡಂ. ನಾವೇ ಗಾಡಿ ಮಾಡ್ಕಂಡು ಓಗಿ ತತ್ತೀವಿ."

ಅವಳು ಬಾಗಿಲು ದೂಡಿಕೊಂಡು ಮೊಗಸಾಲೆಗೆ ಬಂದಳು. ಗೋಡೆಗೆ ಒರಗಿದಳು, ಮತ್ತೆ ನೆಟ್ಟಗಾಗಿ ಆ ತುದಿಯವರೆಗೆ ನಡೆದಳು. ಎಲ್ಲಿಂದ ಶುರು ಮಾಡುವುದು, ತಟ್ಟೆಯಿಂದಲೋ ದೀಪದಿಂದಲೋ? ಫೋನಿನ ಆ ಕಡೆ ಯಾರೋ ಹೆಂಗಸು ಕೆಮ್ಮುವುದು ಕೇಳಿಸಿತು.

"ಅದೆಲ್ಲ ಆಮೇಲೆ ಹೇಳ್ತೀನಿ," ಎಂದಳು ಭವ್ಯಶ್ರೀ. "ಮೊದ್ಲು ಇದು ಹೇಳಿ. ನಿಮ್ಮ ತಾಯಿಗೆ ಈಗ ಜ್ವರ ಇದೆಯಾ?"